ಸುನಂದಾಳ ಕಣ್ಣಿಗೆ ನಾನು ಕೊಟ್ಟದ್ದು

ನನ್ನ ತಂಗಿ ಸುನಂದಾಳ ಕಣ್ಣು ಹೋದದ್ದು ನನ್ನಿಂದ. ಅವಳಿಗೆ ಕಣ್ಣು ಕೊಟ್ಟ ಅಕ್ಕ ಎಂದು ಬಳಗದವರೆಲ್ಲ ಇಪ್ಪತ್ತು ವರ್ಷಗಳಿಂದ ನನ್ನನ್ನು ಹೊಗಳುತ್ತ ಬಂದಿದ್ದಾರೆ. ಕಳೆದವಳೂ ನಾನೇ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು.

ಸಾಂಗ್ಲಿ ಪೇಟೆಯಲ್ಲಿ ನಮ್ಮಪ್ಪನ ಸುಣ್ಣ-ಬಣ್ಣದ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಊರು ಮಿರಜದ ರಸ್ತೆಯುದ್ದಕ್ಕೂ ಬೆಳೆಯುತ್ತಿದ್ದ ಕಾಲ ಅದು. ಜೋಳದ ಹೊಲಗಳಿದ್ದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಅಪ್ಪನಿಗೆ ಉಣ್ಣಲೂ ಪುರಸೊತ್ತಿರಲಿಲ್ಲ. ಆ ಕಡೆಯೇ ನಾವೂ ಹೊಸ ಮನೆ ಕಟ್ಟಿಸಿದೆವು. ಹನ್ನೆರಡನೆಯ ತರಗತಿ ಮುಗಿದ ಮೇಲೆ ನನ್ನ ಓದು ನಿಲ್ಲಿಸಿ ವರ ನೋಡತೊಡಗಿದ್ದರು. ನನಗಿಂತ ಎರಡು ವರ್ಷ ಚಿಕ್ಕವಳಾದ ಸುನಂದಾಳನ್ನು ಮಾತ್ರ ಕಾಲೇಜಿಗೆ, ಅದೂ ವಿಜ್ಞಾನಕ್ಕೆ, ಸೇರಿಸಿದರು. ಯಾಕೆಂದು ಕೇಳಿದೆ. ಅವಳ ತಲೆ ಚುರುಕು ಎಂದರು ಅಪ್ಪ — ಸಿಟ್ಟಿನಿಂದಲ್ಲ, ಸಹಜವಾಗಿ.

ಆ ದಿನ ಹೊಸ ಮನೆಯ ಹಿತ್ತಿಲಲ್ಲಿ ಡ್ರಮ್ಮಿಗೆ ಸುಣ್ಣದ ಹರಳು ಹಾಕಿ ನೀರು ಹೊಯ್ದಿದ್ದರು. ಸಂಜೆಯವರೆಗೆ ಯಾರೂ ಮುಚ್ಚಳ ತೆಗೆಯಬಾರದೆಂದು ನನಗೆ ಹೇಳಿ ಅಪ್ಪ ಪೇಟೆಗೆ ಹೋದರು. ಅಂಗಡಿಯಲ್ಲಿ ಕೂತು ಬೆಳೆದವಳು ನಾನು. ಒಳಗೆ ಸುಣ್ಣ ಕೊತಕೊತ ಕುದಿಯುವ ಸದ್ದು ನನಗೆ ಕೇಳುತ್ತಿತ್ತು. ಪುಸ್ತಕ ಬಿಟ್ಟು ಏಳದ ಸುನಂದಾಳಿಗೆ ಅದೇನು ಗೊತ್ತು? ಕಾಲೇಜಿಗೆಂದು ಹೊಲಿಸಿದ ಹೊಸ ಚೂಡಿದಾರ ತೊಟ್ಟು ನನಗೆ ತೋರಿಸಲು ಬಂದಳು. ಸುಣ್ಣ ಆಯಿತೇ ಎಂದು ಕೇಳಿದಳು.

"ತಣ್ಣಗಾಗೇತಿ," ಎಂದೆ. "ಮುಚ್ಚಳಾ ತಗದ ಕಲಸು."

ಆ ಬಟ್ಟೆಗೆ ನಾಲ್ಕು ಹನಿ ಸಿಡಿದು ಹಾಳಾಗಲಿ — ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅಷ್ಟೇ ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಅಷ್ಟೇ ಆಗಿತ್ತೇ?

ಅವಳು ಬಗ್ಗಿ ಕೋಲು ಆಡಿಸಿದಳು. ಕುದಿಯುವ ಸುಣ್ಣ ಮೇಲಕ್ಕೆ ಚಿಮ್ಮಿತು.

ಕೊಡ ಕೊಡ ನೀರು ಸುರಿದೆ. ಪಕ್ಕದ ಮನೆಯವರು ರಿಕ್ಷಾ ತಂದರು. ಮಿರಜದ ದವಾಖಾನೆಗೆ ಅಪ್ಪ ಓಡಿಬಂದು, ಇದು ಹೇಗಾಯಿತೆಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟು: "ನಾ ಬ್ಯಾಡ ಅಂದೆ, ಅಪ್ಪಾ. ಅಕೀನ ಮುಚ್ಚಳಾ ತಗದ್ಲು."

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸುನಂದಾ ಅಲ್ಲೇ ಮಲಗಿದ್ದಳು. ಅವಳಿಗೆ ಕೇಳಿಸಿತ್ತು. ಮರುದಿನ ಅಪ್ಪ ವಿಚಾರಿಸಿದಾಗ, ತಪ್ಪು ತನ್ನದೇ, ಅಕ್ಕನಿಗೆ ಏನೂ ಅನ್ನಬೇಡಿ ಎಂದಳು. ಅಕ್ಕನೂ ತಿಳಿಯದೆ ಹೇಳಿದಳು, ಈಗ ಹೆದರಿದ್ದಾಳೆ — ಹೀಗೆಂದುಕೊಂಡು ನನ್ನ ಸುಳ್ಳನ್ನು ತನ್ನದನ್ನಾಗಿ ಮಾಡಿಕೊಂಡಳು. ನಾನು ಸುಮ್ಮನಿದ್ದೆ.

ಎರಡೂ ಕಣ್ಣಿನ ಕಪ್ಪಿನ ಮೇಲೆ ಬೆಳ್ಳನೆಯ ಪರೆ ಬೆಳೆಯಿತು. ಬೆಳಕು, ಕತ್ತಲೆ, ಅದರಾಚೆ ಏನೂ ಕಾಣದು. ಕಾಲೇಜು ಅಲ್ಲಿಗೇ ನಿಂತಿತು. ನನ್ನ ಮದುವೆಯಾಯಿತು.

ಐದು ವರ್ಷಗಳ ಮೇಲೆ ಮಿರಜಕ್ಕೆ ಹೊಸದಾಗಿ ಬಂದ ಕಣ್ಣಿನ ಡಾಕ್ಟರೊಬ್ಬರು ನಮ್ಮನ್ನೆಲ್ಲ ಕೂಡಿಸಿ ತಿಳಿಹೇಳಿದರು. ಕಣ್ಣಿನ ಕಪ್ಪಿನ ಸುತ್ತ ಅಂಚಿನಲ್ಲಿ ಕಾಂಡಕೋಶಗಳಿರುತ್ತವೆ. ಮುಂದಿನ ತಿಳಿ ಪರದೆ ಸವೆದ ಹಾಗೆಲ್ಲ ಅವು ಹೊಸದನ್ನು ಬೆಳೆಸುತ್ತವೆ. ಸುನಂದಾಳಲ್ಲಿ ಅವೇ ಸುಟ್ಟುಹೋಗಿವೆ. ಒಡಹುಟ್ಟಿದವರ ಕಣ್ಣಂಚಿನಿಂದ ಚೂರು ತೆಗೆದು ನೆಟ್ಟರೆ ಹಿಡಿದೀತು. ಕೊಟ್ಟವರ ಗಾಯ ಮಾಯುತ್ತದೆ. ಅವರು ಮುಗಿಸುವ ಮೊದಲೇ ನಾನು ಹೂಂ ಎಂದೆ. ಅಪ್ಪ ಅತ್ತರು.

ನನ್ನ ಗಾಯ ಎರಡು ವಾರದಲ್ಲಿ ಮಾಯಿತು. ನನ್ನ ಕಣ್ಣಿನ ಚೂರು ಮೈಗೆ ಒಗ್ಗಲೆಂದು ಅವಳು ಔಷಧಿಗಳನ್ನು ವರ್ಷಗಟ್ಟಲೆ ನುಂಗಿದಳು. ಮುಂದೆ, ತೀರಿಹೋದ ಯಾರೋ ಒಬ್ಬರ ಕಣ್ಣಿನ ಪರದೆಯನ್ನೂ ಹಾಕಿದರು. ಕೊನೆಗೆ ಬಲಗಣ್ಣೊಂದಕ್ಕೆ ಅರೆಬರೆ ನೋಟ ಬಂತು — ಪುಸ್ತಕ ಮೂಗಿಗೆ ತಾಗುವಂತೆ ಹಿಡಿದು ಮತ್ತೆ ಓದಿದಳು, ಪದವಿ ಪಡೆದಳು, ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನಾನು ಮಾತ್ರ ಹೋದಲ್ಲೆಲ್ಲ ಕಣ್ಣು ಕೊಟ್ಟ ಅಕ್ಕನಾದೆ. ಬೇಡವೆನ್ನಲಿಲ್ಲ. ಕೆಲವು ಸಲ ಹಿತವೂ ಆಗಿತ್ತು.

ಹೋದ ತಿಂಗಳು ಅವಳ ಶಾಲೆಯಲ್ಲಿ ನೇತ್ರದಾನದ ಕಾರ್ಯಕ್ರಮ. ಅವಳು ನನ್ನನ್ನು ವೇದಿಕೆಗೆ ಕರೆದು, ಮಕ್ಕಳಿಗೆಲ್ಲ ನನ್ನ ಕಥೆ ಮರಾಠಿಯಲ್ಲಿ ಹೇಳಿ, ತಾನೇ ಹಾರ ಹಾಕಿದಳು. ಹಾಕುವಾಗ ನನ್ನ ಮುಖ ಕಾಣಲೆಂದು ತೀರ ಹತ್ತಿರ ಬಂದು ನೋಡಿದಳು — ಅದನ್ನು ತಾಳಲಾಗಲಿಲ್ಲ.

ಮರುದಿನ ಮಧ್ಯಾಹ್ನ ಮಿರಜದ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಹೊಸ ಚೂಡಿದಾರ, ನನ್ನ ಹೊಟ್ಟೆಕಿಚ್ಚು, ಒಂದನ್ನೂ ಬಿಡಲಿಲ್ಲ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. ಸೊಪ್ಪನ್ನು ಪಕ್ಕಕ್ಕೆ ಸರಿಸಿ ಕೇಳಿದಳು:

"ಕುದೀಲಿಕ್ಕತ್ತೇತಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅಪ್ಪ ತೀರಿಕೊಳ್ಳುವ ಮುಂಚೆಯಾದರೂ ಹೇಳಬಹುದಿತ್ತು ಎಂದಳು. ಕೊನೆಯವರೆಗೂ ಅಪ್ಪ ಅವಳಿಗೆ, ಅಕ್ಕನ ಮಾತು ಕೇಳಿದ್ದರೆ ಹೀಗಾಗುತ್ತಿತ್ತೇ ಎನ್ನುತ್ತಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಅವಳು ಒಮ್ಮೆಯೂ ಅವರಿಗೆ ಎದುರಾಡಲಿಲ್ಲವಂತೆ.

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಇವತ್ತ ಹೋಗು, ಅಕ್ಕಾ."

ಅವಳು ಬಾಗಿಲವರೆಗೆ ಬರಲಿಲ್ಲ. ಅಂದಿನಿಂದ ಫೋನೂ ಬಂದಿಲ್ಲ. ನಾನಾಗಿ ಮಾಡುವುದೂ ಇಲ್ಲ. ಕರೆಯುವ ಹಕ್ಕು ಇನ್ನು ಅವಳದು. ಕಣ್ಣು ಕೊಟ್ಟ ಅಕ್ಕ ಎಂದು ಯಾರಾದರೂ ಅಂದರೆ ಮಾತ್ರ, ಈಗ ಸುಮ್ಮನಿರುವುದಿಲ್ಲ — ಅದರ ಹಿಂದಿನದನ್ನೂ ಹೇಳಿಬಿಡುತ್ತೇನೆ.