ಕಾತ್ರಜದಿಂದ ಹೋದ ಗಂಟು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನಾನು ಎಂ.ಎ. ಓದುತ್ತಿದ್ದೆನೋ, ಮುಗಿಸಿ ಮನೆಯಲ್ಲಿದ್ದೆನೋ ಸರಿಯಾಗಿ ನೆನಪಿಲ್ಲ. ತೊಂಬತ್ತರ ದಶಕ ಎಂಬುದು ಮಾತ್ರ ಖಂಡಿತ. ಬಾಂಬಿನ ಭಯ ಆಗ ಹಸಿಯಾಗಿತ್ತು. ಬೇವಾರಸ್, ಅಂದರೆ ವಾರಸುದಾರರಿಲ್ಲದ, ವಸ್ತು ಮುಟ್ಟಬೇಡಿ ಎಂದು ಬಸ್ಸುಗಳಲ್ಲಿ ಬರೆದಿರುತ್ತಿತ್ತು. ದಿನವೂ ಡೈರಿ ಬರೆಯುವ ನಾನು ಆ ವಾರ ಏನೂ ಬರೆದಿಲ್ಲ.

ಅಪ್ಪ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಮನೆಯಿಂದಲೇ ಒಂದು ಕನ್ನಡ ಮಾಸಪತ್ರಿಕೆ ನಡೆಸುತ್ತಿದ್ದ. ಕತೆ, ಅಡುಗೆ, ವಧೂವರರ ಪುಟ. ಓದುಗರು ಪುಣೆಯಲ್ಲಿ ಸ್ವಲ್ಪ, ಬೆಳಗಾವಿ ಕಡೆ ಹೆಚ್ಚು. ಸಂಚಿಕೆ ಬಂದಾಗ ಮನೆಮಂದಿಯೆಲ್ಲ ಹಾಲಿನಲ್ಲಿ ಕೂತು, ಮೈದಾ ಅಂಟು ಸವರಿ, ಪ್ರತಿಗಳಿಗೆ ವಿಳಾಸದ ಪಟ್ಟಿ ಸುತ್ತುತ್ತಿದ್ದೆವು. ಆ ಸಲ ಸುತ್ತಿ ಮುಗಿಸುವಷ್ಟರಲ್ಲಿ ಅಂಚೆಯವರ ಮುಷ್ಕರ ಶುರುವಾಯಿತು.

ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಎಂದು ಕಾದೆವು. ಊರೊಳಗಿನ ಪ್ರತಿಗಳನ್ನು ಅಪ್ಪ ಸ್ಕೂಟರಿನ ಮೇಲೆ ಮನೆಮನೆಗೆ ಹಂಚಿ ಬಂದ. ಪೇಠೆಯ ಮರಾಠಿ ವಾರಪತ್ರಿಕೆಯವರು ದಿನಪತ್ರಿಕೆಯ ಏಜೆಂಟರ ಕೈಯಲ್ಲಿ ತಮ್ಮದನ್ನು ಕಳಿಸುತ್ತಿದ್ದರು. ಕನ್ನಡ ಪತ್ರಿಕೆಗೆ ಆ ದಾರಿ ಇರಲಿಲ್ಲ. ಹಿಂದಿನ ವರ್ಷ ಅಪ್ಪ ಕಾಯಿಲೆ ಬಿದ್ದು ಒಂದು ಸಂಚಿಕೆ ತಪ್ಪಿದ್ದಕ್ಕೆ, ಪತ್ರಿಕೆ ಮುಚ್ಚಿತೆಂದುಕೊಂಡು ಎಷ್ಟೋ ಜನ ಚಂದಾ ನಿಲ್ಲಿಸಿದ್ದರು. ಇನ್ನೊಮ್ಮೆ ತಪ್ಪಿದರೆ ನಿಜವಾಗಿಯೂ ಮುಚ್ಚಬೇಕಾಗುತ್ತಿತ್ತು.

ಊರ ಅಂಚಿನ ಕಾತ್ರಜದಿಂದ ಬೆಳಗಾವಿಯ ಬಸ್ಸಿಗೆ ಗಂಟು ಹಾಕುವುದು, ಅಲ್ಲಿಯ ಒಬ್ಬ ಓದುಗರು ಸ್ಟ್ಯಾಂಡಿಗೆ ಬಂದು ಇಳಿಸಿಕೊಂಡು ಹಂಚುವುದು ಎಂದು ಫೋನಿನಲ್ಲಿ ಮಾತಾಯಿತು. ನಮ್ಮ ಜೊತೆಗೇ ಇದ್ದ ಕಾಕಾನಿಗೆ, ಅಂದರೆ ತನ್ನ ತಮ್ಮನಿಗೆ, ಗಂಟಿನೊಂದಿಗೆ ಹೋಗಲು ಅಪ್ಪ ಹೇಳಿದ.

"ಕಂಡಕ್ಟರ್ ಕೈಯಾಗ ಕೊಟ್ರ ಆತಲ್ಲಣ್ಣಾ, ನಾ ಯಾಕ?"

"ಗಂಟಿನ ಜೋಡಿ ಮನಷ್ಯಾ ಇರಬೇಕೋ. ಕಾಲ ಸರಿ ಇಲ್ಲ."

"ಊರಾಗ ನಾ ಒಬ್ಬಾಂವ ಪೋಸ್ಟ್‌ಮನ್ ಉಳದಿದ್ದೆ ನೋಡು. ವೈನಿ, ಒಂದು ಖಾಕಿ ಅಂಗಿ ಹೊಲದ ಕೊಡ್ರಿ."

"ಸೂಜಿ ಹಿಡದೀನಿ, ನಗಸಬ್ಯಾಡಪಾ," ಎಂದಳು ಅವ್ವ. ಹಳೆಯ ಚಾದರದಲ್ಲಿ ಪ್ರತಿಗಳನ್ನು ಬಿಗಿದು, ಕೌದಿಗೆ ಹಾಕುವ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಿದ್ದಳು. ಕನ್ನಡದವರಿಗೆ ಹೋಗುವ ಗಂಟಲ್ಲವೇ ಎಂದು ಅಪ್ಪ ಅದರ ಮೇಲೆ ವಿಳಾಸವನ್ನು ಕನ್ನಡದಲ್ಲಷ್ಟೇ ಬರೆದ. ಗಡಿಯವರೆಗಿನ ದಾರಿಯಲ್ಲಿ ಗಂಟು ತಡೆದು ನೋಡುವವರಿಗೆ ಅದನ್ನು ಓದಲು ಬರುವುದಿಲ್ಲ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅದೇ ಸಂಜೆ ಕಾಕಾ ಗಂಟು ಹೊತ್ತು ಕಾತ್ರಜಕ್ಕೆ ಹೊರಟ. ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ಇಬ್ಬರು ಒಳಗೆ ಬಂದದ್ದು ನೆನಪಿದೆ. ಹೊರಗೆ ಜೀಪಿತ್ತು ಎಂಬುದು ಅವ್ವ ಆಮೇಲೆ ಹೇಳಿದ್ದಿರಬಹುದು. ಸಾತಾರಾ ದಾಟಿದ ಮೇಲೆ ಊಟಕ್ಕೆ ನಿಂತಲ್ಲಿ, ಬಸ್ಸಿನ ಸೀಟಿನ ಕೆಳಗೆ ಒಂದು ಗಂಟು ಕಂಡಿತಂತೆ. ಯಾರದೆಂದು ಕೇಳಿದರೆ ಒಬ್ಬರೂ ನನ್ನದೆನ್ನಲಿಲ್ಲವಂತೆ. ಜನರನ್ನು ದೂರ ಓಡಿಸಿ, ಗಂಟನ್ನು ನೀರಿನ ಪೀಪಾಯಿಯಲ್ಲಿ ಮುಳುಗಿಸಿ, ಆಮೇಲೆ ಕೊಯ್ದು ನೋಡಿದರೆ ಒಳಗೆ ನಮ್ಮ ಪತ್ರಿಕೆ. ಕೊನೆಯ ಪುಟದಲ್ಲಿ ನಮ್ಮ ಮನೆಯ ವಿಳಾಸ.

"ಚಲಾ, ಚೌಕೀವರ ಚಲಾ," ಎಂದು ಅಪ್ಪನನ್ನು ಠಾಣೆಗೆ ಕರೆದರು. ಅಪ್ಪ ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡೇ ಅವರ ಹಿಂದೆ ಹೋದ.

ಅವ್ವ ಸೂಜಿ ದಾರದ ಡಬ್ಬಿಯನ್ನು ಅಡಗಿಸಿಟ್ಟಳು. "ಹೊಲದಾಕಿ ನಾನು. ನನ್ನೂ ಕರೀತಾರೇನ?"

ನನ್ನ ತಲೆಯಲ್ಲಿ ಬೇರೆಯೇ ಭಯ ಕುಳಿತಿತ್ತು. ಗಂಟಿಗೆ ವಾರಸುದಾರರೇ ಇರಲಿಲ್ಲ ಎಂದರೆ ಅದರ ಜೊತೆ ಹೋದ ಕಾಕಾ ಎಲ್ಲಿ? ಹೊಡೆದು ಎಲ್ಲಾದರೂ ಕೂಡಿಹಾಕಿದ್ದಾರೆಯೇ? ಕೇಳಲು ಹೋದರೆ, ಅವನು ಸಿಕ್ಕಿರದಿದ್ದರೆ ನಾವೇ ಹಿಡಿದುಕೊಟ್ಟಂತೆ ಆಗುತ್ತದೆಯೇ? ಅವ್ವನೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ. ನಾವಿಬ್ಬರೂ ಅವನ ಹೆಸರೆತ್ತಲಿಲ್ಲ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿಸಿತು.

ಮಧ್ಯಾಹ್ನ ಕಾಕಾ ತಾನಾಗಿಯೇ ಬಂದ.

"ಸೀಟ ಸಿಗಲಿಲ್ರಿ ವೈನಿ. ಕಂಡಕ್ಟರ್ ಕೈಯಾಗ ಕೊಟ್ಟೆ. ಕಾತ್ರಜದಾಗ ಗೆಳ್ಯಾನ ಖೋಲಿಯೊಳಗ ಮಲಗಿದ್ದೆ."

ಅಪ್ಪನನ್ನು ಕರೆದೊಯ್ದದ್ದನ್ನು ಅವ್ವ ಹೇಳಿದಳು. ಕಾಕಾ ಉಳಿದ ಪ್ರತಿಗಳ ಅಟ್ಟಿಯ ಮೇಲೆ ಕೂತುಬಿಟ್ಟ.

"ಅದನ್ನ ಹೋಗಿ ಚೌಕಿಯೊಳಗ ಹೇಳಬಾರದ?" ಎಂದಳು ಅವ್ವ.

"ನಾ ಏನ ಹೇಳ್ಲಿ? ಕಂಡಕ್ಟರ್ ಬಾಯಿ ಬಿಡಬೇಕು."

ಅಪ್ಪ ಆಮೇಲೆ ಹೇಳಿದ ಪ್ರಕಾರ ಕಂಡಕ್ಟರ್ ಬಾಯಿ ಬಿಟ್ಟಿದ್ದ, ಯಾರಿಂದಲೂ ಏನೂ ತೆಗೆದುಕೊಂಡಿಲ್ಲ ಎಂದು. ಅವನೂ ನೌಕರಿಗೆ ಹೆದರಿ ಸುಳ್ಳು ಹೇಳಿರಬಹುದು. ಆ ಮಧ್ಯಾಹ್ನ ಕಾಕಾನ ಚೀಲದಲ್ಲಿ ಸಾತಾರಾದ ಕಂದಿ ಪೇಢೆಯ ಡಬ್ಬಿ ಕಂಡೆ ಎಂಬ ನೆನಪು ನನಗಿದೆ; ಸುಟ್ಟ ಹಾಲಿನ ಆ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಆದರೆ ಕಾಕಾ ಸಾತಾರಾಕ್ಕೆ ಎಷ್ಟೋ ಸಲ ಹೋಗಿಬಂದವನು. ಬೇರೆ ದಿನದ ಡಬ್ಬಿಯನ್ನು ಆ ದಿನದ ಚೀಲದಲ್ಲಿ ನಾನೇ ತಂದಿಟ್ಟಿದ್ದೇನೆಯೇ?

ದೀಪ ಹಚ್ಚುವ ಹೊತ್ತಿಗೆ ಅಪ್ಪ ಮರಳಿದ. "ಪೂರ್ತಿ ಸಂಚಿಕೆ ಓದಿಸಿದ್ರು. ಮೆಣಸಿನಕಾಯಿ ಉಪ್ಪಿನಕಾಯಿ ಮಾಡೂದು ಸೈತ ಮರಾಠಿಯೊಳಗ ಹೇಳಿಸಿದ್ರು," ಎಂದ. ನಗಲು ನೋಡಿದ, ಆಗಲಿಲ್ಲ. ತಮ್ಮನನ್ನು ಏನೂ ಕೇಳಲಿಲ್ಲ. ಅಣ್ಣತಮ್ಮ ಒಟ್ಟಿಗೇ ಊಟಕ್ಕೆ ಕೂತರು. ಕಾಕಾ ಅನ್ನ ಕಲಸುತ್ತಲೇ ಇದ್ದ.

ಮುಷ್ಕರ ಮುಗಿದ ಮೇಲೆ ಎರಡು ತಿಂಗಳದ್ದು ಸೇರಿಸಿ ಜೋಡಿ ಸಂಚಿಕೆ ಎಂದು ಕಳಿಸಿದೆವು. ಪತ್ರಿಕೆ ಇನ್ನೂ ಕೆಲವು ವರ್ಷ ನಡೆಯಿತು, ಆದರೆ ಅಪ್ಪ ಮತ್ತೆಂದೂ ಬಸ್ಸಿಗೆ ಗಂಟು ಹಾಕಲಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಅಂಟು ಸವರುವ ಅವನ ಕೈ ಅಲ್ಲೇ ನಿಲ್ಲುತ್ತಿತ್ತು. ಅದನ್ನು ಕಂಡು ನಮ್ಮ ಕೈಗಳೂ ನಿಲ್ಲುತ್ತಿದ್ದವು.

ಅಪ್ಪ ತೀರಿಕೊಂಡು ವರ್ಷವಾದ ಮೇಲೆ ಖರಾಡಿಯಲ್ಲಿ ಬೇರೆ ಮನೆ ಮಾಡಿದ್ದ ಕಾಕಾನಲ್ಲಿಗೆ ಹೋಗಿದ್ದೆ. ಟಿ.ವಿ.ಯಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ಸಿಕ್ಕ ಬೇವಾರಸ್ ಚೀಲದ ಸುದ್ದಿ ಬರುತ್ತಿತ್ತು. ಕಾಕಾ ಥಟ್ಟನೆ ಚಾನೆಲ್ ಬದಲಿಸಿದ. ಅದನ್ನು ನೋಡಿಯೇ ನನಗೆ ಕೇಳುವ ಧೈರ್ಯ ಬಂತೋ ಏನೋ. ಕೇಳಿದ್ದೇ ತಡ, ಅವನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದ. ನಾನು ಕೇಳಿದ್ದು ಇಷ್ಟೇ:

"ಕಾಕಾ, ಈ ಗಂಟು ಯಾರದು ಅಂತ ಬಸ್ಸಿನ್ಯಾಗ ಕೇಳಿದಾಗ, ನೀ ಅಲ್ಲೇ ಕುಂತಿದ್ದೇನು?"