ಕೆಮ್ಮಿಸಿ ನೋಡದ ಬೆಳಿಗ್ಗೆ

ಮುನಿರಾಜು ಅವರ ಬೆನ್ನಿನ ನಳಿಕೆ ಜಾರಿ ಹೊರಬಂದಿದ್ದನ್ನು ನಾನು ನೋಡಿದ್ದೆ. ನೋಡಿಯೂ ಅವರ ಹಾಳೆಯಲ್ಲಿ ‘ನೋವಿಲ್ಲ’ ಎಂದು ಬರೆದೆ.

ಆಗ ನಾನು ಸೇನಾ ಆಸ್ಪತ್ರೆಯಲ್ಲಿ ಹೊಸ ಅರಿವಳಿಕೆ ವೈದ್ಯ. ಅವರು ಶಿಡ್ಲಘಟ್ಟದ ಕಡೆಯ ಸಿಪಾಯಿ. ಗಡಿಯಲ್ಲಿ ಶೆಲ್ ಸಿಡಿದು ಎಡಪಕ್ಕೆಲುಬುಗಳು ಸಾಲಾಗಿ ಮುರಿದಿದ್ದವು. ಬೆನ್ನುಮೂಳೆಯ ಪಕ್ಕಕ್ಕೆ ಸಣ್ಣ ನಳಿಕೆ ಇಟ್ಟು, ಎದೆಯ ಆ ಭಾಗವನ್ನಷ್ಟೇ ಮರಗಟ್ಟಿಸುವ ಔಷಧಿ ಹರಿಸುತ್ತಿದ್ದೆವು. ಮನುಷ್ಯ ಎಚ್ಚರವಾಗಿರುತ್ತಾನೆ, ನೋವಿಲ್ಲದೆ ಕೆಮ್ಮುತ್ತಾನೆ, ಕಫ ಹೊರಬರುತ್ತದೆ—ಶ್ವಾಸಕೋಶ ಉಳಿಯುವುದು ಹಾಗೆ.

ಎರಡನೆಯ ಬೆಳಿಗ್ಗೆ—ಅಥವಾ ಮೂರನೆಯದೋ; ದಿನಚರಿಯಲ್ಲಿ ಆ ಪುಟ ಖಾಲಿ, ಖಾಲಿ ಬಿಟ್ಟವನು ನಾನೇ—ನಳಿಕೆ ಕಿತ್ತುಬಂದು ಪಟ್ಟಿಯ ಕೆಳಗೆ ಸುರುಳಿಯಾಗಿತ್ತು. ಔಷಧಿ ಹಾಸಿಗೆಗೆ ಹರಿಯುತ್ತಿತ್ತು. ಅದು ಜಾರದಂತೆ ಚರ್ಮಕ್ಕೆ ಹೊಲಿಗೆ ಹಾಕಿದ್ದೇನೆ ಎಂದು ಹಿರಿಯ ವೈದ್ಯರಿಗೆ ಹೇಳಿದ್ದೆ. ಹಾಕಿರಲಿಲ್ಲ.

“ನೋವಿದೆಯಾ?” ಎಂದೆ.

ಅವರು ಮಲಗಿದಲ್ಲೇ ಕಾಲು ಜೋಡಿಸಿದರು. “ಇಲ್ಲ ಸಾರ್.”

ಅಧಿಕಾರಿ ಕೇಳಿದರೆ ಸಿಪಾಯಿ ಹೇಳುವುದು ಅದನ್ನೇ. ಅದಕ್ಕೇ ನಾವು ಉತ್ತರವನ್ನು ನಂಬದೆ ಕೆಮ್ಮಿಸಿ ನೋಡುತ್ತಿದ್ದೆವು. ಅಂದು ನಾನು ಕೆಮ್ಮಲು ಹೇಳಲಿಲ್ಲ. ಕೆಮ್ಮಿಸಿದ್ದರೆ... ಸುಮ್ಮನೆ ನಳಿಕೆ ತೆಗೆದೆ, ‘ಇನ್ನು ಅಗತ್ಯವಿಲ್ಲ’ ಎಂದೂ ಬರೆದೆ.

ಅವರು ನೋವಿಗೆ ಕೆಮ್ಮದೆ ಉಸಿರು ಬಿಗಿಹಿಡಿದು ಮಲಗಿದರು. ನ್ಯುಮೋನಿಯಾ ಬಂತು, ವಾರಗಟ್ಟಲೆ ವೆಂಟಿಲೇಟರ್. ನಳಿಕೆ ಇದ್ದಿದ್ದರೂ ಹೀಗಾಗಬಹುದಿತ್ತು—ಇದೂ ನಿಜವೇ. ಈ ನಿಜದ ಹಿಂದೆ ಎಷ್ಟೋ ವರ್ಷ ಅಡಗಿದ್ದೆ.

ಈಗ ನಾನು ಚಿಂತಾಮಣಿಯ ಆಸ್ಪತ್ರೆಯೊಂದರಲ್ಲಿದ್ದೇನೆ. ಹೋದ ವಾರ ಮುನಿರಾಜು ತಮ್ಮ ಹೆಂಡತಿ ಸರೋಜಮ್ಮನನ್ನು ಕರೆತಂದರು; ನೋಡಿದೊಡನೆ ನನ್ನ ಗುರುತು ಹಿಡಿದರು. ರೇಷ್ಮೆಹುಳುವಿನ ತಟ್ಟೆ ಇಳಿಸಲು ಹೋಗಿ ಏಣಿಯಿಂದ ಬಿದ್ದು ಪಕ್ಕೆ ಮುರಿದಿತ್ತು. ಅದೇ ಬಗೆಯ ನಳಿಕೆ ಇಟ್ಟೆ. ಮಾರನೆಯ ಬೆಳಿಗ್ಗೆ ಕೆಮ್ಮಲು ಹೇಳಿದೆ. ವಾರ್ಡೆಲ್ಲ ತಿರುಗಿ ನೋಡುವಂತೆ ಕೆಮ್ಮಿದರು.

“ಅಯ್ಯೋ, ಏನೂ ಗೊತ್ತಾಗ್ಲಿಲ್ಲ ಕಣಪ್ಪ! ಈ ಮಿಲ್ಟ್ರಿ ಮನುಷ್ಯ, ಕೆಮ್ಮಿದ್ರೆ ಪ್ರಾಣಾನೇ ಹೋಗುತ್ತೆ ಅಂತ ಹೆದರ್ಸಿಬಿಟ್ಟಿದ್ರು!”

ಮುನಿರಾಜು ನಗಲಿಲ್ಲ. ನನ್ನ ಹಿಂದೆಯೇ ಹೊರಗೆ ಬಂದರು.

“ನಂಗೂ ಇದನ್ನೇ ಇಟ್ಟಿದ್ರಲ್ಲ ಸಾರ್. ನಂಗ್ಯಾಕೆ ಅಷ್ಟು ನೋಯ್ತಿತ್ತು?”

‘ಗಾಯ ದೊಡ್ಡದಿತ್ತು’ ಎಂಬ ಉತ್ತರ ಬಾಯಲ್ಲೇ ಇತ್ತು. ಅದನ್ನು ನುಂಗಿ ಎಲ್ಲವನ್ನೂ ಹೇಳಿದೆ—ಹೊಲಿಗೆಯ ಸುಳ್ಳನ್ನೂ.

ಅವರು ತಮ್ಮ ಎಡಪಕ್ಕೆಯ ಮೇಲೆ ಕೈಯಿಟ್ಟರು. “ಪಕ್ಕದ ಮಂಚದೋರು ಎದ್ದು ಓಡಾಡ್ತಿದ್ರು. ನಂಗೇ ಗುಂಡಿಗೆ ಇಲ್ಲ ಅನ್ಕೊಂಡಿದ್ದೆ ಸಾರ್... ಇಷ್ಟು ವರ್ಷ.” ಆಮೇಲೆ, “ಒಳಗೆ ಬನ್ನಿ. ಇವ್ಳ ಮುಂದೆ ಇನ್ನೊಂದ್ಸಲ ಹೇಳಿ.”

ಹೋದೆ, ಹೇಳಿದೆ. ನಾನು ಬರೆದಿಟ್ಟ ಸುಳ್ಳು ಒಬ್ಬ ಮನುಷ್ಯನಿಗೆ ತನ್ನ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡಿತ್ತು ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

ಸರೋಜಮ್ಮ ಗಂಡನನ್ನೇ ನೋಡಿದರು. ಕೊನೆಗೆ ನನ್ನತ್ತ ತಿರುಗಿ, “ನಂದು ಜಾರಿದ್ರೆ ಹೇಳ್ತೀರಾ?”

“ಹೇಳ್ತೀನಮ್ಮ.”

“ನೀವು ಹೇಳೋದಿರ್ಲಿ. ರೀ, ನೀವೇ ನೋಡ್ರಿ, ಹೊಲಿಗೆ ಐತಾ?” ಎಂದು ಬೆನ್ನು ತಿರುಗಿಸಿದರು.

ಮುನಿರಾಜು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಐತೆ,” ಎಂದರು.

ಕ್ಷಮೆಯ ಮಾತನ್ನು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ. ಈಗ ಪ್ರತಿ ಬೆಳಿಗ್ಗೆ ಮೊದಲು ಅವರು ನೋಡುತ್ತಾರೆ, ಆಮೇಲೆ ನಾನು ನೋಡುತ್ತೇನೆ.