ಗೋದಲಿಯ ಹಸು ಮತ್ತು ರೋಸಮ್ಮನ ಬಿಸಿನೀರು

ಡಿಸೆಂಬರ್ ಬಂತೆಂದರೆ ಚೆಟ್ಟಳ್ಳಿಯ ನಮ್ಮ ಎಸ್ಟೇಟಿನ ಕೂಲಿಕಾರರ ಲೈನುಮನೆಗಳ ಮುಂದೆ ಕ್ರಿಸ್‌ಮಸ್ಸಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಏಳುತ್ತದೆ. ಅದರಲ್ಲಿ ಕೊಂಬು ಮುರಿದ ಮಣ್ಣಿನ ಹಸುವೊಂದು ಮಲಗಿರುತ್ತದೆ. ಈ ಹಸು ಬೈಬಲ್ಲಿನ ಸುವಾರ್ತೆಯಲ್ಲಿ ಇಲ್ಲವೇ ಇಲ್ಲವೆಂಬ ಮಹಾಸತ್ಯವನ್ನು ಕಂಡುಹಿಡಿದ ದಿನ ನಾನು, ಹಾಸನ ಸೀಮೆಯಿಂದ ಬಂದು ನೆಲೆಸಿದ ನಿವೃತ್ತ ಕನ್ನಡ ಮೇಷ್ಟ್ರು, ಅದನ್ನು ಮನೆಯಾಕೆಗೆ ಮೂರು ಸಲ ಹೇಳಿ ಬೈಸಿಕೊಂಡೆ.

ಈ ಪಾಂಡಿತ್ಯಕ್ಕೆ ಕಾರಣ ಚರ್ಚಿನ ಫಾದರ್. ಯೇಸುಜನನದ ನಾಟಕ ಬರೆದುಕೊಡಿ ಎಂದಿದ್ದರು. ಹರಿಕಥೆಗೆ ಊರೂರಲ್ಲೂ ಒಂದೊಂದು ಉಪಕಥೆ ಸೇರಿಸುವ ಪರಂಪರೆಯವನು ಸುಮ್ಮನಿರುತ್ತೇನೆಯೇ, ನೀವೇ ಹೇಳಿ! ಒಬ್ಬ ಸೂಲಗಿತ್ತಿಯನ್ನು ಸೃಷ್ಟಿಸಿ, ಕೈಗೆ ಬಿಸಿನೀರಿನ ತಪ್ಪಲೆ ಕೊಟ್ಟುಬಿಟ್ಟೆ. ಪಾತ್ರ ಲೈನಿನ ರೋಸಮ್ಮನದು. ಒಂದು ಕಾಲಕ್ಕೆ ಇಲ್ಲಿನ ಕೂಸುಗಳೆಲ್ಲ ಮೊದಲು ಬಿದ್ದದ್ದು ಅವಳ ಕೈಗೆ. ಈಗಲೂ ಆಸ್ಪತ್ರೆಯಿಂದ ಬಂದ ಬಾಣಂತಿಗೆ ಮೊದಲ ಹಂಡೆ ನೀರು ಕಾಯಿಸುವುದು ಅವಳದೇ ಹಕ್ಕು. ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ವೇಷ ಕಟ್ಟುವ ಸಂಭ್ರಮದಲ್ಲಿ ಮದುವೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹರವಿದ್ದಳು.

ಫಾದರ್ ಹಸ್ತಪ್ರತಿ ಓದಿ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಮರಿಯಮ್ಮನವರೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದರು ಅಂತ ಸುವಾರ್ತೆಯಲ್ಲಿ ಬರೆದಿದೆ. ಸೂಲಗಿತ್ತಿ ಇಲ್ಲ."

ಶಾಸ್ತ್ರನಿಷ್ಠೆ ಅವರದು, ಸಂಕಟ ನನ್ನದು. ರೋಸಮ್ಮನಿಗೆ ಹೇಳಲಾರದೆ ಎರಡು ದಿನ ಅವಳ ಮನೆಯ ದಾರಿ ತಪ್ಪಿಸಿ ಕಾಫಿ ಗಿಡಗಳ ನಡುವೆ ಕಳ್ಳನಂತೆ ಓಡಾಡಿದೆ. ಕೊನೆಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ, ಕಣ್ಣು ತುಂಬಿಕೊಂಡಳು.

"ಹಸಿ ಬಾಣಂತಿ, ಮಾತೆ ತಾನೇ ಬಟ್ಟೆ ಸುತ್ತಿದ್ರಾ ಸಾರ್? ಪಕ್ಕದಲ್ಲಿ ಒಂದು ಹೆಂಗಸೂ ಇರ್ಲಿಲ್ವಾ?"

ಗಂಡ ಜೋಸೆಫರಿದ್ದರಲ್ಲ ಎಂದೆ. ಗಂಡಸರಿಗೆ ನೀರು ಕಾಯಿಸಲಾದರೂ ಬರುತ್ತದೆಯೇ ಎಂಬಂತೆ ನೋಡಿದಳು.

"ಹಂಗಾದ್ರೆ ನಾನು ಬೇಡ ಬಿಡಿ ಸಾರ್. ಅವರು ಎಷ್ಟು ಕಷ್ಟಪಟ್ರು ಅಂತ ಜನಕ್ಕೂ ಗೊತ್ತಾಗ್ಲಿ."

ಬಟ್ಟೆ ಸುತ್ತಿದ ಸುವಾರ್ತೆಯ ಆ ವಾಕ್ಯವನ್ನು ನಾನು ಹತ್ತು ಸಲ ಓದಿದ್ದೆ. ಹಸು ಇಲ್ಲದ್ದು ಕಂಡಿತ್ತು, ಹೆಂಗಸಿಲ್ಲದ್ದು ಕಂಡಿರಲಿಲ್ಲ. ನನ್ನ ಓದಿಗೆ ನಾನೇ ನಾಚಿದೆ.

ನಾಟಕದ ಸಂಜೆ ಮರಿಯಮ್ಮನಾದ ಹುಡುಗಿ ಬರಿಗಾಲಲ್ಲಿ ಹುಲ್ಲಿನ ಮೇಲೆ ಕೂತು, ಚಳಿಗೆ ನಡುಗುವ ಕೈಯಿಂದ ಬೊಂಬೆಗೆ ಬಟ್ಟೆ ಸುತ್ತಿದಳು. ಸುವಾರ್ತೆಗಿಂತ ಒಂದಕ್ಷರ ಹೆಚ್ಚಿರಲಿಲ್ಲ. ಪರದೆ ಬಿದ್ದ ಮೇಲೆ ಒಳಗೆ ಹೋಗಿ ನೋಡುತ್ತೇನೆ, ಮದುವೆಯ ಸೀರೆಯುಟ್ಟ ರೋಸಮ್ಮ ಆ ಹುಡುಗಿಯ ಕಾಲಿಗೆ ಬಿಸಿನೀರು ಹೊಯ್ಯುತ್ತಿದ್ದಾಳೆ. ಹಬೆಯಾಡುವ ಇನ್ನೊಂದು ತಪ್ಪಲೆಯನ್ನು ಹೊತ್ತು ನಿಂತವರು ಫಾದರ್.

ಮನೆಗೆ ಮರಳುವಾಗ ಗೋದಲಿಯ ಮುಂದೆ ನಿಂತೆ. ಹಸು ಮೂಲೆಗೆ ಸರಿದಿತ್ತು. ಅದನ್ನೆತ್ತಿ ಬಾಣಂತಿ ಮರಿಯಮ್ಮನ ಬೊಂಬೆಯ ಪಕ್ಕಕ್ಕೇ ಇಟ್ಟು ಬಂದೆ.